ಅತ್ತೆಯ ಎಣ್ಣೆ, ಸೊಸೆಯ ತಟ್ಟೆ

ಜಲಜ ಆಸ್ಪತ್ರೆಯಿಂದ ಮನೆಗೆ ಬಂದರೆ ಮುಂಬಾಗಿಲಿನಿಂದ ಒಳಗೆ ಕಾಲಿಡುವಂತಿರಲಿಲ್ಲ. ಮನೆಯನ್ನು ಸುತ್ತಿ ಹಿತ್ತಲಿನ ಬಚ್ಚಲಿಗೆ ಹೋಗಿ, ತಲೆಗೆ ನೀರು ಸುರಿದುಕೊಂಡು, ಹಗ್ಗದ ಮೇಲಿನ ಬೇರೆ ಬಟ್ಟೆ ಉಟ್ಟ ಮೇಲೆಯೇ ಅವಳು ಮನುಷ್ಯರ ಲೆಕ್ಕಕ್ಕೆ ಸೇರುತ್ತಿದ್ದಳು. ಇದು ಅವಳ ಅತ್ತೆ ದಾಕ್ಷಾಯಣಿಯಮ್ಮನ ಕಾನೂನು. ಕೇರಳದಲ್ಲಿ ಪೆರಿಯಾರ್ ಹೊಳೆ ಸಮುದ್ರ ಸೇರುವ ಆ ದಂಡೆಯ ಮೇಲೆ ಇತರರ ಸೊಸೆಯಂದಿರು ಟೀಚರು, ನರ್ಸು, ಬ್ಯಾಂಕಿನ ಗುಮಾಸ್ತೆ ಎಂದು ಮರ್ಯಾದೆಯ ಕೆಲಸಗಳಲ್ಲಿದ್ದರು. ತನ್ನ ಪಾಲಿಗೆ ಮಾತ್ರ ರೋಗ ಸಾಕುವವಳು ಬಂದಳಲ್ಲ ಎಂಬುದು ಮುದುಕಿಯ ಬಹುಕಾಲದ ಕೊರಗು.

"ಬೇರೆಯವರು ಕೋಳಿ ಸಾಕ್ತಾರೆ, ಹಸು ಸಾಕ್ತಾರೆ. ನಮ್ಮವಳು ಹುಳ ಸಾಕ್ತಾಳೆ. ಅದಕ್ಕೆ ಮೇವು ಹಾಕ್ತಾಳಂತೆ, ಬೆಚ್ಚಗೆ ಇಡ್ತಾಳಂತೆ. ಹೆತ್ತ ಮಗನಿಗೆ ಇಷ್ಟು ಆರೈಕೆ ಮಾಡಿದ್ದರೆ ಅವನು ಇನ್ನೂ ನಾಲ್ಕು ಬೆರಳು ಉದ್ದ ಬೆಳೀತಿದ್ದ," ಎಂದು ಬೇಲಿಯಾಚೆಯ ಫಿಲೋಮಿನಳಿಗೆ ಕೇಳುವಂತೆ ಹೇಳುತ್ತಿದ್ದಳು. ಹೇಳಿದ್ದು ಜಲಜಳಿಗೂ ಕೇಳಬೇಕೆಂಬುದೇ ಉದ್ದೇಶ.

ಜಲಜ ಪಟ್ಟಣದ ದೊಡ್ಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಟೆಕ್ನಿಶಿಯನ್. ರೋಗಿಗಳ ರಕ್ತ, ಕಫ, ಗಾಯದ ಕೀವು ತಂದುಕೊಟ್ಟರೆ ಅದನ್ನು ಗಾಜಿನ ತಟ್ಟೆಯ ಮೇಲೆ ಹಚ್ಚಿ, ಯಾವ ರೋಗಾಣು ಬೆಳೆಯುತ್ತದೆಂದು ನೋಡಿ ಹೇಳುವುದು ಅವಳ ಕೆಲಸ. ಕುಳ್ಳಗೆ, ದುಂಡಗೆ, ನಡೆದರೆ ಓಡಿದಂತೆ ಕಾಣುವ ಹೆಂಗಸು. ಓಡಿದರೂ ಬಸ್ಸು ತಪ್ಪಿಸಿಕೊಳ್ಳುತ್ತಿದ್ದಳು, ಅದು ಬೇರೆ ಮಾತು. ಅವಳ ಅಪ್ಪ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದವನು. ಕಳ್ಳು ಉಕ್ಕುವುದೂ ಅಪ್ಪಂ ಎಂಬ ದೋಸೆಯ ಹಿಟ್ಟು ಉಬ್ಬುವುದೂ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಆಟ. ಹಾಗಾಗಿ ಈ ಯೀಸ್ಟುಗಳ ಸಹವಾಸ ನನಗೆ ಪಿತ್ರಾರ್ಜಿತ ಎಂದು ಅವಳೇ ನಗುತ್ತಿದ್ದಳು. ತನ್ನನ್ನು ನೋಡಿ ತಾನೇ ನಗಬಲ್ಲವರು ನಮ್ಮಲ್ಲಿ ಕಡಿಮೆ. ಅದಕ್ಕೇ ನನಗೆ ಜಲಜ ಎಂದರೆ ಇಷ್ಟ.

ಆದರೆ ನಗಲಾರದ ಸಂಗತಿಯೊಂದು ಅವಳಿಗಿತ್ತು. ಅದು ಎಣ್ಣೆಯ ವಿಷಯ.

ನಮ್ಮಲ್ಲಿ ತಲೆಗೆ ಎಣ್ಣೆ ಕಾಯಿಸದ ಮನೆಯಿಲ್ಲ. ತೆಂಗಿನೆಣ್ಣೆಗೆ ಒಬ್ಬರು ದಾಸವಾಳ ಹಾಕಿದರೆ ಇನ್ನೊಬ್ಬರು ತುಳಸಿ, ಮತ್ತೊಬ್ಬರು ಸಣ್ಣ ಈರುಳ್ಳಿ. ದಾಕ್ಷಾಯಣಿಯಮ್ಮನ ಮನೆಯ ಎಣ್ಣೆಗೆ ಬೀಳುತ್ತಿದ್ದುದು ಒಂದೇ ಒಂದು ಎಲೆ, ಮತ್ತು ಆ ಎಲೆ ಯಾವುದೆಂದು ಅವಳೊಬ್ಬಳಿಗೇ ಗೊತ್ತು. ಹೊಟ್ಟು, ತಲೆಬಿಸಿ, ಮಕ್ಕಳ ನೆತ್ತಿಯ ಹುಳುಕಡ್ಡಿ, ನಿದ್ದೆ ಬಾರದ ಮುದುಕರು, ಎಲ್ಲಕ್ಕೂ ಆ ಎಣ್ಣೆ. ದುಬೈಗೆ ಹೋಗುವವರು ಖಾಲಿ ಬ್ರಾಂದಿ ಬಾಟಲಿ ತೊಳೆದು ತಂದು ತುಂಬಿಸಿಕೊಂಡು ಹೋಗುತ್ತಿದ್ದರು. ಆ ಎಲೆಯ ಗುಟ್ಟು ಅತ್ತೆಯಿಂದ ಸೊಸೆಗೆ ಬರುವಂಥದ್ದು, ಮನೆಯ ಬೀಗದ ಕೈ ಬರುವ ಹಾಗೆ. ದಾಕ್ಷಾಯಣಿಯಮ್ಮನಿಗೆ ಅವಳ ಅತ್ತೆಯಿಂದ ಬಂತು ಎಂದು ಊರೇ ಹೇಳುತ್ತಿತ್ತು. ಜಲಜ ಆ ಮನೆಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಅವಳಿಗೆ ಬರಲಿಲ್ಲ.

ಎಣ್ಣೆ ಕಾಯಿಸುವ ದಿನ ಹತ್ತಿರವಾದರೆ ಕೊಬ್ಬರಿ ಒಣಗಿಸುವುದು, ಗಾಣಕ್ಕೆ ಹೊತ್ತು ಹೋಗಿ ಎಣ್ಣೆ ತರುವುದು, ಕಂಚಿನ ಉರುಳಿ ಪಾತ್ರೆ ಬೆಳಗುವುದು, ಸೌದೆ ಹೊಂದಿಸುವುದು ಎಲ್ಲ ಜಲಜಳದೇ. ಎಣ್ಣೆ ಹದಕ್ಕೆ ಬಂತು ಎನ್ನುವಾಗ ಮಾತ್ರ ಅತ್ತೆಗೆ ಏನಾದರೊಂದು ನೆನಪಾಗುತ್ತಿತ್ತು.

"ಜಲಜೇ, ಹೊರಗೆ ಮಡಲು ಬಿದ್ದ ಸದ್ದಾಯ್ತು, ನೋಡು ಹೋಗು."

"ಬಿದ್ದಿಲ್ಲ ಅಮ್ಮಾ."

"ಬೀಳುತ್ತಾ ಅಂತ ನೋಡು ಹೋಗು!"

ಅವಳು ಹೋಗಿ ಅಂಗಳದಲ್ಲಿ ನಿಂತು ತೆಂಗಿನ ಮರದ ತುದಿ ನೋಡುತ್ತಿದ್ದಳು. ಫಿಲೋಮಿನ ಬೇಲಿಯಾಚೆಯಿಂದ, "ಏನೇ, ಇವತ್ತೂ ಮಡಲು ಕಾಯೋ ಕೆಲಸವಾ?" ಎಂದು ಕಿಚಾಯಿಸುತ್ತಿದ್ದಳು. ಜಲಜ ನಕ್ಕ ಹಾಗೆ ಮಾಡಿ ಮತ್ತೆ ಮರದ ತುದಿ ನೋಡುತ್ತಿದ್ದಳು. ಅವಳಿಗೆ ಎಲೆ ಬೇಕಿರಲಿಲ್ಲ. ಹೊಟ್ಟಿಗೆ ಆಸ್ಪತ್ರೆಯಲ್ಲೇ ಒಳ್ಳೆ ಔಷಧ ಸಿಗುತ್ತಿತ್ತು. ನೀನು ಈ ಮನೆಯವಳು ಎಂದು ಆ ಮುದುಕಿಯ ಬಾಯಿಂದ ಒಂದು ಸಲ ಕೇಳಬೇಕಿತ್ತು, ಅಷ್ಟೆ.

ಹೀಗಿರುವಾಗ ದಾಕ್ಷಾಯಣಿಯಮ್ಮನ ತಮ್ಮ ವಾಸವನ್ ನ್ಯುಮೋನಿಯಾ ಆಗಿ ಅದೇ ಆಸ್ಪತ್ರೆಯ ತೀವ್ರ ನಿಗಾ ಘಟಕ ಸೇರಿದ. ಶ್ವಾಸಕೋಶ ಚೇತರಿಸಿಕೊಂಡಿತು, ಇನ್ನೇನು ವಾರ್ಡಿಗೆ ಕಳಿಸುತ್ತಾರೆ ಎನ್ನುವಾಗ ಮತ್ತೆ ಜ್ವರ ಏರಿತು. ಅವನ ರಕ್ತ ಜಲಜಳ ಮೇಜಿಗೇ ಬಂತು. ತಟ್ಟೆಯ ಮೇಲೆ ಎದ್ದ ಬಿಳಿ ಚುಕ್ಕಿಗಳನ್ನು ನೋಡಿದಾಗ ಡಾಕ್ಟರುಗಳಿಗಿಂತ ಮೊದಲು ಅವಳಿಗೆ ತಿಳಿಯಿತು. ಕೆಲವು ವರ್ಷಗಳಿಂದ ಆಸ್ಪತ್ರೆಗಳಲ್ಲಿ ಕಾಣಿಸಿಕೊಳ್ಳುತ್ತಿರುವ ಹೊಸ ಯೀಸ್ಟು ಅದು. ಮಂಚದ ಸರಳಿಗೆ, ಪರದೆಗೆ ಅಂಟಿಕೊಂಡು ಕೂರುತ್ತದೆ, ತೊಳೆದರೂ ಹೋಗುವುದಿಲ್ಲ, ಇರುವ ಕೆಲವೇ ಔಷಧಗಳಿಗೂ ಜಗ್ಗುವುದಿಲ್ಲ. ಒಂದಾದ ಮೇಲೊಂದು ಔಷಧ ಹಾಕಿದರು. ವಾಸವನ್ ಉಳಿಯಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ದಾಕ್ಷಾಯಣಿಯಮ್ಮ ಸೊಸೆಯನ್ನು ಕರೆದು ಕೂರಿಸಿಕೊಂಡಳು.

"ನನ್ನ ತಮ್ಮನ್ನ ತಿಂದದ್ದರ ಹೆಸರೇನು?"

"ಕ್ಯಾಂಡಿಡಾ ಆರಿಸ್ ಅಂತ."

"ಹೆಸರೇನೋ ಕಾನ್ವೆಂಟ್ ಹುಡುಗಿ ಹೆಸರಿನ ಹಾಗಿದೆ. ಯಾವ ಜಾತಿದು?"

"ಕಳ್ಳು ಹಾಕಿ ಅಪ್ಪಂ ಹಿಟ್ಟು ಉಬ್ಬಿಸ್ತೀವಲ್ಲ, ಅದರ ದಾಯಾದಿ ಅಮ್ಮಾ. ಅದು ಸಾಧು, ಇದು ಪಾಪಿ."

"ನೀನು ಅದನ್ನ ಅಲ್ಲಿ ಸಾಕಿದೀಯಾ?"

"ಹೂಂ."

"ಅದರ ಮೇಲೆ ನಮ್ಮ ಎಣ್ಣೆ ಹೊಯ್ದು ನೋಡು."

ಜಲಜ ನಗಲಿಲ್ಲ. ಆ ಹಟದ ಹೆಂಗಸು ಮೊದಲ ಬಾರಿಗೆ ತನ್ನನ್ನು ಏನೋ ಒಂದು ಕೇಳಿದ್ದಳು. ಮರುದಿನ ಊಟದ ಡಬ್ಬಿಯ ಜೊತೆ ಸಣ್ಣ ಸೀಸೆ ಎಣ್ಣೆಯೂ ಬಸ್ಸು ಹತ್ತಿತು.

ಪರೀಕ್ಷೆಯ ಕ್ರಮ ಸುಲಭ. ತಟ್ಟೆಯಲ್ಲಿ ಅಗರ್ ಎಂಬ ಜೆಲ್ಲಿಯ ಮೇಲೆ ಯೀಸ್ಟನ್ನು ಸಮವಾಗಿ ಹಚ್ಚಿ, ನಡುವೆ ಸಣ್ಣ ಗುಳಿ ತೋಡಿ, ಅದರಲ್ಲಿ ಪರೀಕ್ಷಿಸಬೇಕಾದ್ದನ್ನು ಒಂದು ಹನಿ ಬಿಡುವುದು. ಎಣ್ಣೆ ಹರಡುವಂತೆ ಸಾಬೂನಿನ ಜಾತಿಯ ಒಂದು ದ್ರವ ಬೆರೆಸಬೇಕು. ಹೋಲಿಸಿ ನೋಡಲು ಇನ್ನೊಂದು ತಟ್ಟೆಯಲ್ಲಿ ಆ ದ್ರವವೊಂದನ್ನೇ ಬಿಡಬೇಕು. ಮಾರನೆಯ ದಿನ ಎಲ್ಲ ಕಡೆ ಯೀಸ್ಟು ಬೆಳೆದು, ಗುಳಿಯ ಸುತ್ತ ಮಾತ್ರ ಬೆಳೆಯದೆ ತಿಳಿಯಾದ ಉಂಗುರ ಬಿದ್ದಿದ್ದರೆ, ಆ ಹನಿಯಲ್ಲಿ ಯೀಸ್ಟನ್ನು ತಡೆಯುವುದೇನೋ ಇದೆ ಎಂದರ್ಥ.

ಅತ್ತೆಯ ಎಣ್ಣೆಯ ತಟ್ಟೆಯಲ್ಲಿ ಉಂಗುರ ಬಿದ್ದಿತ್ತು. ದ್ರವವೊಂದನ್ನೇ ಬಿಟ್ಟ ತಟ್ಟೆಯಲ್ಲಿ ಏನೂ ಇರಲಿಲ್ಲ.

ವಿಭಾಗದ ಮುಖ್ಯಸ್ಥ ಐಪ್ ಸರ್ ಕನ್ನಡಕ ಏರಿಸಿ, ಇಳಿಸಿ, ತಟ್ಟೆಯನ್ನು ಬೆಳಕಿಗೆ ಹಿಡಿದು, "ಜಲಜೇ, ಇದನ್ನ ನಿನ್ನತ್ತೆಯ ಹತ್ತಿರ ಎಷ್ಟು ವರ್ಷದಿಂದ ಬಚ್ಚಿಟ್ಟಿದ್ದೆ?" ಎಂದರು. ಎಷ್ಟೋ ಕಾಲದಿಂದ ಪಿಎಚ್‌ಡಿ ಮಾಡು ಎಂದು ಅವಳ ಬೆನ್ನು ಬಿದ್ದಿದ್ದವರು ಅವರು. ಈಗ ವಿಷಯ ತಾನಾಗಿ ಕಾಲ ಬಳಿ ಬಂದು ಬಿದ್ದಿತ್ತು. ಆದರೆ ಪಿಎಚ್‌ಡಿ ಎಂದರೆ ಗಿಡದ ಹೆಸರು ಬೇಕು, ಒಣಗಿಸಿದ ಮಾದರಿ ಬೇಕು. ಗುಟ್ಟಿನ ಎಲೆ ಎಂದು ಬರೆದರೆ ಯೂನಿವರ್ಸಿಟಿಯವರು ಒಪ್ಪುವುದಿಲ್ಲ.

ಹೆದರುತ್ತಲೇ ಜಲಜ ಅತ್ತೆಗೆ ಹೇಳಿದಳು. ದಾಕ್ಷಾಯಣಿಯಮ್ಮ ಉಂಗುರದ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು. "ನಿಜವಾಗ್ಲೂ ಬಂತಾ? ನೀನೇ ನೋಡ್ದೆಯಾ?" ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಎದ್ದು, ಸೊಸೆಯ ಮುಂಗೈ ಹಿಡಿದು, ಹಿತ್ತಲಿನ ಬೇಲಿಯ ತನಕ ಕರೆದೊಯ್ದು, ಶೀಮೆಕೊನ್ನೆ ಎಂಬ ಬೇಲಿಗಿಡಗಳ ನಡುವೆ ಹಬ್ಬಿದ್ದ ಒಂದು ತೆಳು ಬಳ್ಳಿಯನ್ನು ತೋರಿಸಿದಳು.

ಜಲಜ ದಿನಾ ಬಟ್ಟೆ ಒಣಹಾಕುವ ಬೇಲಿ ಅದು. ಆ ಬಳ್ಳಿಯನ್ನು ಎಷ್ಟೋ ಸಲ ಕಳೆಯೆಂದು ಕಿತ್ತು ಬಿಸಾಡಿದ್ದಳು. ಅವಳಿಗೆ ಅಲ್ಲೇ ಕಣ್ಣು ತುಂಬಿ ಬಂತು. ಸಸ್ಯಶಾಸ್ತ್ರದ ಮೇಷ್ಟ್ರು ಮಾದರಿ ನೋಡಿ, "ಆಡೂ ಮೂಸದ ಬಳ್ಳಿ ಇದು. ಇದರ ಬಗ್ಗೆ ಯಾರೂ ಏನೂ ಬರೆದಿಲ್ಲ," ಎಂದರು. ಯಾರೂ ಬರೆದಿಲ್ಲ ಎನ್ನುವುದಕ್ಕಿಂತ ಸಿಹಿಯಾದ ಮಾತು ಪಿಎಚ್‌ಡಿ ಮಾಡುವವರಿಗೆ ಇನ್ನೊಂದಿಲ್ಲ.

ಆಮೇಲಿನ ವರ್ಷಗಳು ಜಲಜಳ ಬದುಕಿನ ಅತಿ ಸುಖದ ವರ್ಷಗಳು. ಬಚ್ಚಲಿನ ಕಾನೂನು ರದ್ದಾಗಲಿಲ್ಲ, ಆದರೆ ಸಡಿಲವಾಯಿತು. ಸ್ನಾನಕ್ಕೆ ಮೊದಲೇ ಜಗಲಿಯ ತುದಿಗೆ ಒಂದು ಲೋಟ ಚಹಾ ಬಂದು ಕೂರತೊಡಗಿತು. ದಾಕ್ಷಾಯಣಿಯಮ್ಮ ಊರೆಲ್ಲ ಸಾರಿದಳು: "ನಮ್ಮ ಜಲಜೆ ಹುಳದ ಜೊತೆ ಯುದ್ಧ ಮಾಡ್ತಿದ್ದಾಳೆ. ನನ್ನ ಎಲೆ, ಅವಳ ತಟ್ಟೆ." ಜಲಜಳ ಗಂಡ ಸುಗತನ್ ನೀರಿನ ಪಂಪು ನಡೆಸುವ ಸಾಧು ಮನುಷ್ಯ, ಊಟಕ್ಕೆ ಕೂತಾಗ ಮೆಲ್ಲಗೆ, "ಇಬ್ಬರೂ ಒಂದಾದ ಮೇಲೆ ನಂಗೆ ಮೀನಿನ ತಲೆ ಮಾತ್ರ ಸಿಗ್ತಿದೆ," ಎಂದು ಗೊಣಗಿದ. ನಡುವಿನ ತುಂಡು ಜಲಜಳ ತಟ್ಟೆಯಲ್ಲಿತ್ತು.

ಪ್ರಬಂಧ ಹೆಚ್ಚು ಕಡಿಮೆ ಮುಗಿಯುವ ಹೊತ್ತಿಗೆ ಲುಧಿಯಾನದಿಂದ ಗುರ್ಲೀನ್ ಎಂಬ ಹುಡುಗಿ ಎಂ.ಡಿ. ಓದಲು ಆ ವಿಭಾಗಕ್ಕೆ ಬಂದಳು. ಸಾಸಿವೆ ಎಣ್ಣೆಯ ನಾಡಿನವಳು. ನಮ್ಮ ಕ್ಯಾಂಟೀನಿನ ಪಲ್ಯ, ಮೀನು, ಬಾಳೆಕಾಯಿ ಚಿಪ್ಸು ಎಲ್ಲದರಲ್ಲೂ ಅವಳಿಗೆ ತೆಂಗಿನೆಣ್ಣೆ ವಾಸನೆ ಹೊಡೆಯುತ್ತಿತ್ತು. ಬಸ್ಸಿನಲ್ಲಿ ಮುಂದೆ ಕೂತವರ ಜಡೆಯಿಂದಲೂ ಹೊಡೆಯುತ್ತಿತ್ತು. ಪಾಪ, ಹಣ್ಣು ತಿಂದು ಬದುಕಿದ್ದಳು. ಒಂದು ದಿನ ಜಲಜಳ ತಟ್ಟೆಗಳ ಸಾಲು ನೋಡುತ್ತಾ ಅವಳು ಕೇಳಿದಳು:

"ಮೇಡಂ, ಬರೀ ತೆಂಗಿನೆಣ್ಣೆ ಹಾಕಿದ ತಟ್ಟೆ ಎಲ್ಲಿ?"

"ಬರೀ ಎಣ್ಣೆ ಯಾಕೆ?"

"ಎಲೆಯನ್ನ ಎಣ್ಣೆಯಲ್ಲಿ ಕಾಯಿಸಿದೀರಲ್ಲ? ಉಂಗುರ ಎಲೆಯದೋ, ಎಣ್ಣೆಯದೋ?"

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಐಪ್ ಸರ್ ಕೂಡ, "ಎಣ್ಣೆ ಏನು ಮಾಡುತ್ತಮ್ಮಾ? ಎಣ್ಣೆ ಅಂದ್ರೆ ಎಣ್ಣೆ," ಎಂದರು. ಜಲಜ ಕೂಡ ನಗಲು ಬಾಯಿ ತೆರೆದಳು. ನಗು ಬರಲಿಲ್ಲ.

ಹುಟ್ಟಿದ ಮಗುವಿನ ನೆತ್ತಿಗೆ ಹಚ್ಚುತ್ತೇವೆ, ಸಾಯುವವರೆಗೂ ಉಣ್ಣುತ್ತೇವೆ, ಸತ್ತ ಮೇಲೆ ತಲೆಯ ಬಳಿ ಅದರಿಂದಲೇ ದೀಪ ಹಚ್ಚುತ್ತೇವೆ. ಹಾಗೆ ನೋಡಿದರೆ ತೆಂಗಿನೆಣ್ಣೆ ನಮ್ಮ ಕಣ್ಣಿಗೆ ಬೀಳುವ ವಸ್ತುವೇ ಅಲ್ಲ. ಇಷ್ಟು ವರ್ಷ, ಇಷ್ಟು ತಟ್ಟೆ, ಓದಿದವರು ಇಷ್ಟು ಮಂದಿ. ಒಬ್ಬರಿಗಾದರೂ ಅದನ್ನು ಬೇರೆಯಾಗಿ ಇಟ್ಟು ನೋಡಬೇಕೆಂದು ತೋಚಿರಲಿಲ್ಲ. ಬೇರೆ ಯಾವ ನಾಡಿನಲ್ಲೂ ಈ ತಪ್ಪು ಆಗುತ್ತಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಜಲಜ ಬರೀ ಎಣ್ಣೆಯ ತಟ್ಟೆ ಇಟ್ಟಳು. ಎಲೆಯನ್ನು ಎಣ್ಣೆಯಿಲ್ಲದೆ, ಸ್ಪಿರಿಟ್ಟಿನಲ್ಲಿ ಅರೆದು ತೆಗೆದ ರಸದ ತಟ್ಟೆಯನ್ನೂ ಇಟ್ಟಳು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಬರೀ ಎಣ್ಣೆಯ ತಟ್ಟೆಯಲ್ಲಿ ಅದೇ ಉಂಗುರ, ಅಷ್ಟೇ ಅಗಲ. ಎಲೆಯ ತಟ್ಟೆಯಲ್ಲಿ ಗುಳಿಯ ಅಂಚಿನ ತನಕ ಯೀಸ್ಟು ಸೊಂಪಾಗಿ ಬೆಳೆದಿತ್ತು. ಮತ್ತೆ ಇಟ್ಟಳು. ಮತ್ತೆ ಅದೇ.

ಐಪ್ ಸರ್ ತಮ್ಮ ಬೋಳು ತಲೆ ಸವರಿಕೊಂಡು, "ಇಷ್ಟು ವರ್ಷ ಇದಕ್ಕೆ ಹಚ್ಚಿದ್ದೇ ಬಂತು, ಒಳಗೆ ಏನೂ ಇಳಿದಿಲ್ಲ," ಎಂದರು. ಆಮೇಲೆ ಗಂಭೀರವಾಗಿ ಹೇಳಿದರು: "ಎಣ್ಣೆಯಲ್ಲಿರೋ ಲಾರಿಕ್ ಆಮ್ಲ ಯೀಸ್ಟನ್ನ ಹಿಡಿಯುತ್ತೆ ಅನ್ನೋದು ಹಳೇ ಸುದ್ದಿ ಜಲಜೇ, ನಂಗೇ ಹೊಳೀಲಿಲ್ಲ. ತಟ್ಟೆಯಲ್ಲಿ ಹಿಡಿದದ್ದು ಮನುಷ್ಯನ ರಕ್ತದಲ್ಲಿ ಹಿಡಿಯಬೇಕಲ್ಲ, ಅದು ದೂರದ ದಾರಿ. ಆದ್ರೂ ಪರವಾಗಿಲ್ಲ. ಎಲೆಯಲ್ಲಿ ಏನೂ ಇಲ್ಲ ಅಂತ ಬರಿ. ಅದೂ ಒಂದು ಉತ್ತರವೇ. ಡಿಗ್ರಿ ಸಿಗುತ್ತೆ, ಹೂವಿನ ಹಾರ ಸಿಗಲ್ಲ."

ಜಲಜಳಿಗೆ ಹಾರ ಬೇಕಿರಲಿಲ್ಲ. ಬಸ್ಸಿನಲ್ಲಿ ಕೂತು ಅವಳು ಯೋಚಿಸಿದ್ದು ಮನೆಯ ಜಗಲಿಯನ್ನು. ಎಲೆ ಸುಳ್ಳೆಂದು ಹೇಳಿದರೆ ಆ ಮುದುಕಿಯ ಐವತ್ತು ವರ್ಷದ ಹೆಸರು ಹೋಗುತ್ತದೆ. ಅದರ ಜೊತೆ ತನಗೆ ಇಷ್ಟು ತಡವಾಗಿ ಸಿಕ್ಕ ಅತ್ತೆಯೂ ಹೋಗುತ್ತಾಳೆ.

ಗಂಡನಿಗೆ ಮಾತ್ರ ಹೇಳಿದಳು. ಸುಗತನ್ ಅತ್ತಿತ್ತ ನೋಡಿ, "ಅಮ್ಮನಿಗೆ ಹೇಳ್ಬೇಡ. ಅವಳು ಓದ್ತಾಳಾ ನಿನ್ನ ಪುಸ್ತಕ? ಡಿಗ್ರಿ ಬಂತು ಅಂದ್ಬಿಡು, ಪಾಯಸ ಮಾಡ್ತಾಳೆ, ತಿನ್ನೋಣ," ಎಂದ. ಜಲಜಳಿಗೂ ಅದೇ ಸರಿಯೆನಿಸಿತು. ಯಾರಿಗೆ ನಷ್ಟ?

ಆ ಭಾನುವಾರ ಹೊಳೆಯಾಚೆಯ ಐಷಾಬಿ ಬಂದಳು. ಅವಳ ಗಂಡ ದೋಣಿಯ ಕೆಲಸದವನು, ಬೇರೊಂದು ಊರಿನ ಆಸ್ಪತ್ರೆಯಲ್ಲಿ ಮಲಗಿದ್ದ. ರಕ್ತದಲ್ಲಿ ಅದೇ ಯೀಸ್ಟಂತೆ. ದಾಕ್ಷಾಯಣಿಯಮ್ಮನ ಎಣ್ಣೆಯ ಸುದ್ದಿ ಕೇಳಿ ಓಡಿ ಬಂದಿದ್ದಳು.

"ನರ್ಸು ಇಲ್ಲದಾಗ ಮೂಗಿನ ಕೊಳವೆಯಲ್ಲಿ ಎರಡು ಚಮಚ ಬಿಡ್ತೀನಿ ಅಮ್ಮಾ. ಒಳಗೆ ಹೋದ್ರೆ ಸಾಕಲ್ವಾ?"

"ಸಾಕು. ನನ್ನ ಸೊಸೆ ಪರೀಕ್ಷೆ ಮಾಡಿ ನೋಡಿದ್ದಾಳೆ. ನನ್ನ ತಮ್ಮನಿಗೆ ಆಗ ಗೊತ್ತಿರ್ಲಿಲ್ಲ, ಹೋದ. ನಿನ್ನ ಗಂಡನಿಗೆ ಹಾಗಾಗಲ್ಲ," ಎನ್ನುತ್ತಾ ದಾಕ್ಷಾಯಣಿಯಮ್ಮ ಸೀಸೆಗೆ ಎಣ್ಣೆ ಬಗ್ಗಿಸುತ್ತಿದ್ದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಲಜ ಅದನ್ನು ಕೇಳಿಸಿಕೊಂಡಳು. ಕೊಳವೆಗೆ ಬಿಟ್ಟ ಎಣ್ಣೆ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಆ ಸೋತ ಮನುಷ್ಯ ಮುಗಿದ. ಯಾರಿಗೂ ನಷ್ಟವಿಲ್ಲವೆಂದುಕೊಂಡಿದ್ದ ಮೌನ ಈಗ ಎದುರಿಗೇ ಸೀಸೆಯಲ್ಲಿ ತುಂಬುತ್ತಿತ್ತು. ಅವಳು ಹೋಗಿ ಅತ್ತೆಯ ಕೈಯಿಂದ ಸೀಸೆ ತೆಗೆದುಕೊಂಡಳು.

"ಅಕ್ಕಾ, ಇದನ್ನ ಕೊಡಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದ್ರೆ ಯೀಸ್ಟಿಗಿಂತ ಮೊದಲು ಅದೇ ಕೊಲ್ಲುತ್ತೆ. ನಾನು ನೋಡಿದ್ದು ಗಾಜಿನ ತಟ್ಟೆಯಲ್ಲಿ. ಮನುಷ್ಯ ಗಾಜಿನ ತಟ್ಟೆ ಅಲ್ಲ."

ಐಷಾಬಿ ದಿಗಿಲಿನಿಂದ ಮುದುಕಿಯ ಮುಖ ನೋಡಿದಳು. "ಎಲೆಯಲ್ಲಿ ಶಕ್ತಿ ಇದೆ ಅಂತ..."

ಜಲಜ ಅತ್ತೆಯನ್ನು ನೋಡಲಿಲ್ಲ. ನೋಡಿದ್ದರೆ ಹೇಳಲಾಗುತ್ತಿರಲಿಲ್ಲ. "ಎಲೆಯಲ್ಲಿ ಏನೂ ಇಲ್ಲ ಅಕ್ಕಾ. ಬೇರೆಯಾಗಿ ಇಟ್ಟು ನೋಡ್ದೆ. ಉಂಗುರ ಬಿದ್ದದ್ದು ಬರೀ ತೆಂಗಿನೆಣ್ಣೆಯಿಂದ. ನಿಮ್ಮನೇಲೂ ಇದೆ ಅದು. ಯಾರ ಮನೇದೂ ರಕ್ತಕ್ಕೆ ಔಷಧಿ ಅಲ್ಲ. ಡಾಕ್ಟರು ಯಾವ ಇಂಜೆಕ್ಷನ್ ಕೊಡ್ತಿದಾರೋ ಅದನ್ನ ನಿಲ್ಲಿಸಬೇಡಿ. ನಾಳೆ ನಾನೇ ಬಂದು ಅವರ ಹತ್ರ ಮಾತಾಡ್ತೀನಿ."

ದಾಕ್ಷಾಯಣಿಯಮ್ಮ ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಂಡಳು. ಆಮೇಲೆ ಐಷಾಬಿಯ ಭುಜ ಮುಟ್ಟಿ, "ಅವಳು ಹೇಳಿದ ಹಾಗೆ ಮಾಡು," ಎಂದಳು. ಐಷಾಬಿ ಕಣ್ಣೊರೆಸಿಕೊಂಡು ಬರಿಗೈಯಲ್ಲಿ ದೋಣಿ ಕಡವಿನ ಕಡೆ ಹೋದಳು.

ಜಲಜ ಅಲ್ಲೇ ನಿಂತಿದ್ದಳು. ಬೈಗುಳ ಬರಲಿ ಎಂದು ಕಾಯುತ್ತಿದ್ದಳು. ಬೈದರೆ ಒಳ್ಳೆಯದು, ಬೈಯದಿದ್ದರೆ ಎಲ್ಲ ಮುಗಿದಂತೆ. ಮುದುಕಿ ಮಣೆ ಎಳೆದು ಒಲೆಯ ಮುಂದೆ ಕೂತಳು.

"ಪೂರ್ತಿ ಏನೂ ಇಲ್ವಾ? ಒಂದಿಷ್ಟಾದ್ರೂ?"

"ಇಲ್ಲ ಅಮ್ಮಾ."

"ಇರೋದಾದ್ರೂ ಹೇಗೆ," ಎಂದಳು ದಾಕ್ಷಾಯಣಿಯಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಅತ್ತೆ ನಂಗೆ ಎಲೆ ಹೇಳಿಕೊಡ್ಲೇ ಇಲ್ಲ ಕಣೇ."

ಜಲಜಳಿಗೆ ಕೇಳಿದ್ದನ್ನು ನಂಬಲಾಗಲಿಲ್ಲ.

"ನನ್ನನ್ನ ಕಂಡ್ರೆ ಆಗ್ತಿರ್ಲಿಲ್ಲ ಅವರಿಗೆ. ಹಾಸಿಗೆ ಹಿಡಿದಾಗ ಕಾಲು ಹಿಡಿದು ಕೇಳ್ದೆ. ಗೋಡೆ ಕಡೆ ತಿರುಗಿ ಮಲಗಿದ್ರು. ಹಾಗೇ ಹೋದ್ರು. ಆಮೇಲೆ ಎಣ್ಣೆ ಕೇಳ್ಕೊಂಡು ಜನ ಬಂದ್ರು. 'ಅತ್ತೆ ಹೇಳಿಕೊಟ್ಟಿರ್ತಾಳೆ ಅಲ್ವಾ' ಅಂದ್ರು. ಇಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಹೂಂ ಅಂದೆ. ಬೇಲಿಗೆ ಹೋಗಿ ಕೈಗೆ ಸಿಕ್ಕಿದ ಬಳ್ಳಿ ಕಿತ್ತು ಹಾಕ್ದೆ. ಯಾರಿಗೂ ಏನೂ ಆಗ್ಲಿಲ್ಲ. ಮೊದಲಿಗಿಂತ ಚೆನ್ನಾಗಿದೆ ಅಂದ್ರು. ಐವತ್ತು ವರ್ಷ ಹೊಗಳಿಸಿಕೊಂಡ ಮೇಲೆ ನಂಗೂ ನಂಬಿಕೆ ಬಂದ್ಬಿಡ್ತು. ನಿನ್ನ ತಟ್ಟೇಲಿ ಉಂಗುರ ಬಂತು ಅಂದಾಗ, ಅವತ್ತು ದೇವರೇ ನನ್ನ ಕೈಯಲ್ಲಿ ಸರಿಯಾದ ಬಳ್ಳಿ ಕೀಳಿಸಿದ ಅಂದ್ಕೊಂಡೆ."

ಅವಳು ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು.

"ನಿಂಗೆ ಹೇಳ್ಲಿಲ್ಲ ಅಂತ ನೀನು ಒಳಗೊಳಗೇ ಕೊರಗ್ತಿದ್ದೆ. ನಂಗೆ ಗೊತ್ತಿತ್ತು. ನೀನು ಬೇರೆಯವಳು ಅಂತಲ್ಲ ಮಗಳೇ. ಹೇಳೋಕೆ ನನ್ನ ಹತ್ರ ಏನೂ ಇರ್ಲಿಲ್ಲ."

ಜಲಜ ಅತ್ತೆಯ ಪಕ್ಕ ಕೂತು ಅತ್ತಳು. ಅಂಗಳದಲ್ಲಿ ನಿಂತು ಕಳೆದ ವರ್ಷಗಳಿಗೆಲ್ಲ ಸೇರಿಸಿ ಅತ್ತಳು. ದಾಕ್ಷಾಯಣಿಯಮ್ಮ ಅವಳ ಬೆನ್ನು ತಟ್ಟುವುದು ಹೇಗೆಂದು ತಿಳಿಯದೆ, ಇನ್ನೂ ಎಣ್ಣೆ ಜಿಡ್ಡಿದ್ದ ಕೈಯನ್ನು ಅವಳ ತಲೆಯ ಮೇಲಿಟ್ಟಳು.

"ಇದನ್ನೆಲ್ಲ ಪುಸ್ತಕದಲ್ಲಿ ಬರೀತೀಯಾ?" ಎಂದು ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಇಲ್ಲ ಅಮ್ಮಾ. ಎಲೆಯಲ್ಲಿ ಗುಣ ಸಿಗ್ಲಿಲ್ಲ ಅಂತ ಮಾತ್ರ ಬರೀತೀನಿ."

"ಯಾರ ಮನೆ ಎಲೆ ಅಂತ ಬರೀಬೇಕಾಗುತ್ತಾ?"

"ಎಲ್ಲಿಂದ ತಂದದ್ದು ಅಂತ ಬರೀಲೇಬೇಕು."

ಮುದುಕಿ ಯೋಚಿಸಿದಳು. "ಹಾಗಾದ್ರೆ ನಮ್ಮಿಬ್ಬರದು ಅಂತ ಬರಿ," ಎಂದಳು.